ಬೋನಾಳದಲ್ಲಿ ಮುಳುಗಿ ಹತ್ತಿಕುಣಿಯಲ್ಲಿ ಇಳಿದ ವಿಮಾನ

ಇಂಥ ಬರಹಗಳನ್ನು ಓದುವಾಗ ನಾನು ಮೊದಲು ಹುಡುಕುತ್ತಿದ್ದದ್ದು ತೂತುಗಳನ್ನು. ಯಾರು ನೋಡಿದರು, ಎಷ್ಟು ದೂರದಿಂದ, ಆಮೇಲೆ ಎಷ್ಟು ಜನರಿಗೆ ಹೇಳಿದರು? ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಕತೆ ಬಿದ್ದುಹೋಗುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಹತ್ತಿದ ಚಟ ಇದು. ಶಹಾಪುರದ ನಮ್ಮ ಓಣಿಯಲ್ಲಿ ಯಾರಾದರೂ ದೆವ್ವದ ಮಾತು ತೆಗೆದರೆ, ನನ್ನನ್ನು ಕಂಡ ಕೂಡಲೇ ಬೇರೆ ಮಾತಿಗೆ ಹೊರಳುತ್ತಿದ್ದರು. ಈಗ ನಾನೇ ಹೇಳಲು ಕುಳಿತಿದ್ದೇನೆ. ತೂತು ಸಿಕ್ಕರೆ ತಿಳಿಸಿ. ನಾನಂತೂ ಹುಡುಕಿ ಸೋತಿದ್ದೇನೆ.

ಮಲ್ಲಿಕಾರ್ಜುನ ಏಳನೇ ತರಗತಿಯಿಂದ ನನ್ನ ಗೆಳೆಯ. ಕೆಲವು ವರ್ಷಗಳ ಹಿಂದೆ, ಓದು ಮುಗಿಸಿ ಇಬ್ಬರೂ ಕೆಲಸವಿಲ್ಲದೆ ಇದ್ದಾಗ, ದೂರ ಹಾರುವ ಮಾದರಿ ವಿಮಾನವೊಂದನ್ನು ಕಟ್ಟತೊಡಗಿದೆವು. ನಮ್ಮ ಮಾಳಿಗೆಯಲ್ಲಿ, ನಾನು ಮಲಗುವ ಕೋಣೆಯಲ್ಲಿ ಹನ್ನೊಂದು ತಿಂಗಳ ಕೆಲಸ. ಫೋಮ್ ಕೊಯ್ದು ರೆಕ್ಕೆ ಮಾಡಿದೆವು. ಮೂಗಿನಲ್ಲಿ ಎರಡು ಕ್ಯಾಮೆರಾ ಕೂಡಿಸಿದೆವು: ಒಂದು ನಮಗೆ ನೇರ ಚಿತ್ರ ಕಳಿಸುವುದು, ಇನ್ನೊಂದು ಎಲ್ಲವನ್ನೂ ತನ್ನ ಕಾರ್ಡಿನಲ್ಲಿ ತುಂಬಿಕೊಳ್ಳುವುದು. ಸಂಪರ್ಕ ಕಡಿದರೆ ಹಾರಿಸಿದ ಜಾಗಕ್ಕೇ ತಾನಾಗಿ ಮರಳುವ ವ್ಯವಸ್ಥೆಯೂ ಇತ್ತು. ಇಬ್ಬರ ನಡುವೆ ಒಂದೇ ಕರಾರು: ಒಬ್ಬನನ್ನು ಬಿಟ್ಟು ಇನ್ನೊಬ್ಬ ಅದನ್ನು ಹಾರಿಸಬಾರದು. ಎಡರೆಕ್ಕೆಯ ಕೆಳಗೆ ಇಬ್ಬರ ಹೆಸರು, ಫೋನ್ ನಂಬರು ಬರೆದು ಅಂಟಿಸಿದ್ದೆವು.

ಮೊದಲ ದೊಡ್ಡ ಹಾರಾಟ ಸುರಪುರದ ಹೊರಗಿನ ಗುಡ್ಡದಿಂದ ಬೋನಾಳ ಕೆರೆಯ ಕಡೆಗೆ, ಅಲ್ಲಿಂದ ವಾಪಸ್. ಕೆರೆಯ ಮೇಲೆ ಹಕ್ಕಿಗಳಿರುತ್ತವೆ, ಆದ್ದರಿಂದ ದಂಡೆಗೆ ಮೊದಲೇ ತಿರುಗಿಸಬೇಕೆಂದು ಮಾತಾಗಿತ್ತು. ಹಾರಿಸುವ ಮುನ್ನ ನಾನು ಪಟ್ಟಿ ಓದುತ್ತಿದ್ದೆ, ಮಲ್ಲಿ ಒಂದೊಂದನ್ನೇ ಪರೀಕ್ಷಿಸಿ ಉತ್ತರಿಸುತ್ತಿದ್ದ. ಇದು ನಮ್ಮ ಪದ್ಧತಿ.

"ವಾಪಸ್ ಬರೋ ಜಾಗ?"

"ಇದೇ ಗುಡ್ಡ. ಮುಂದ ಓದು."

"ನೋಡಿ ಹೇಳಲೇ."

"ನನ್ನೇನು ಕೋರ್ಟಿನ್ಯಾಗ ನಿಂದ್ರಿಸೀಯೇನು? ಇದೇ ಗುಡ್ಡ ಅಂದೆನಲ್ಲ."

ಅವನು ನೋಡಿರಲಿಲ್ಲ. ನಾನು ಮುಂದೆ ಓದಿದೆ.

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಬೋನಾಳ ಕಂಡಿತು. ಮಲ್ಲಿ ಕಣ್ಣಿಗೆ ಪರದೆಯ ಕನ್ನಡಕ ಹಾಕಿ ಹಾರಿಸುತ್ತಿದ್ದ, ನಾನು ಚಿಕ್ಕ ಪರದೆಯಲ್ಲಿ ನೋಡುತ್ತಿದ್ದೆ. ತಿರುಗಿಸುವಾಗ ಗಾಳಿ ವಿಮಾನವನ್ನು ಕೆರೆಯ ಮೇಲೆ ನೂಕಿತು. ಹಕ್ಕಿಗಳು ಒಮ್ಮೆಲೇ ಎದ್ದವು, ನೀರು ಗಿರಗಿರ ತಿರುಗುತ್ತ ಹತ್ತಿರವಾಯಿತು, ಪರದೆ ಕಪ್ಪಾಯಿತು.

ಬೈಕಿನಲ್ಲಿ ಓಡಿದೆವು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರು ಕೈ ತೋರಿಸಿದರು. "ಅಲ್ಲೇ ಬಿತ್ತರಿ. ಎರಡು ಸಲ ತೇಲಿದಂಗ ಮಾಡಿ ಮುಳುಗ್ತು. ಮೀನ ಹಿಡಿಯಾಕ ಬಿಟ್ಟಿದ್ರೇನು?" ಮಧ್ಯಾಹ್ನದವರೆಗೆ ಹುಡುಕಿದೆವು. ಒಂದು ಫೋಮ್ ಚೂರೂ ಸಿಗಲಿಲ್ಲ.

ಮರಳಿ ಶಹಾಪುರ ಹತ್ತಿರವಾದಾಗ ಮಲ್ಲಿಯ ಫೋನು ರಿಂಗಾಯಿತು. ಅವನು ಬೈಕ್ ಓಡಿಸುತ್ತಿದ್ದ, ಫೋನು ನನ್ನ ಕೈಯಲ್ಲಿತ್ತು. ಎತ್ತಿದೆ. ಒಬ್ಬ ಹೆಂಗಸು, ಅವಸರದ ದನಿ.

"ಮಲ್ಲಣ್ಣ, ನಾ ಹತ್ತಿಕುಣಿ ಶರಣಮ್ಮರಿ. ನಿಮ್ಮ ಇಮಾನ ಮತ್ತ ನಮ್ಮ ತೊಗರಿ ಹೊಲಕ್ಕೇ ಬಂದದ ನೋಡ್ರಿ. ಉಣ್ಣಾಕ ಕುಂತಿದ್ವಿ, ಸಪ್ಪಳಿಲ್ಲದ ಹದ್ದಿನಂಗ ಬಂದು ಮೊನ್ನಿ ಇಳಿದಲ್ಲೇ ಇಳೀತು. ಕಂಪನಿ ಸಾಹೇಬ್ರು ಇವತ್ತ ಬಂದಿಲ್ಲೇನ್ರಿ?"

ಬೈಕ್ ನಿಲ್ಲಿಸಲು ಹೇಳಿ, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದೆ. ಓದುಗರೇ, ನಿಮ್ಮ ವಿಮಾನ ನಿಮ್ಮ ಕಣ್ಣೆದುರು ಮುಳುಗಿ, ಯಾದಗಿರಿಯ ಆಚೆ ಇಳಿದಿದೆಯೆಂದರೆ ನೀವು ಮೊದಲು ಏನು ಕೇಳುತ್ತೀರಿ? ಅಲ್ಲಿಗೆ ಹೇಗೆ ಹೋಯಿತೆಂದು ತಾನೆ? ಮಲ್ಲಿ ಅದನ್ನು ಕೇಳಲಿಲ್ಲ.

"ಆಕಿ ಮತ್ತೇನೇನು ಹೇಳಿದ್ಲು?" ಅಂದ.

ಅಲ್ಲೇ, ರಸ್ತೆಯ ಬದಿಯಲ್ಲಿ, ಎಲ್ಲ ಹೊರಬಿತ್ತು. ಜಮೀನು ಅಳತೆಯ ಕಂಪನಿಯೊಂದಕ್ಕೆ ವಿಮಾನ ಹಾರಿಸುವವನು ಬೇಕಿತ್ತಂತೆ. ಮೂರು ದಿನದ ಹಿಂದೆ ಮಲ್ಲಿ ಅದನ್ನು ಹತ್ತಿಕುಣಿಗೆ ಒಯ್ದು, ತಾನೊಬ್ಬನೇ ಕಟ್ಟಿದ್ದೆಂದು ಹಾರಿಸಿ ತೋರಿಸಿದ್ದ. ಆವತ್ತು ನನಗೆ, ತಂಗಿಯನ್ನು ದವಾಖಾನೆಗೆ ಕರೆದೊಯ್ಯಬೇಕು ಎಂದಿದ್ದ.

"ನೌಕರಿ ಒಂದೇ ಇತ್ತು ದೋಸ್ತ. ನಿನಗ ಹೇಳಿದ್ರ ನೀ ವಾದಾ ಮಾಡ್ತಿದ್ದಿ, ನಾ ಸೋಲ್ತಿದ್ದೆ."

ಮತ್ತೆ ಬೈಕ್ ಹತ್ತಿ, ಭೀಮಾ ಸೇತುವೆ ದಾಟಿ ಹತ್ತಿಕುಣಿ ಮುಟ್ಟಿದೆವು.

ವಿಮಾನ ಕೊಯ್ದ ತೊಗರಿಯ ಕೂಳೆಗಳ ನಡುವೆ ನೆಟ್ಟಗೆ ಕುಳಿತಿತ್ತು. ಒಂದು ಗೀರೂ ಇಲ್ಲ, ಮುಟ್ಟಿದರೆ ಒಣ. ರೆಕ್ಕೆಯ ಕೀಲಿನಲ್ಲಿ ಮಾತ್ರ ಬೆರಳುದ್ದದ ಹಸಿ ಪಾಚಿ. ತಿರುವಿ ನೋಡಿದೆ. ನಾವು ಅಂಟಿಸಿದ್ದ ಚೀಟಿಯಲ್ಲಿ ನನ್ನ ಹೆಸರನ್ನು ಮಾತ್ರ ಬ್ಲೇಡಿನಿಂದ ಕೆರೆದು ತೆಗೆಯಲಾಗಿತ್ತು. ಅದು ಕೆರೆಯ ಕೆಲಸವಲ್ಲ. ಮಲ್ಲಿ ದೂರ ನಿಂತು ಶರಣಮ್ಮನವರ ಎತ್ತಿನ ಬೆನ್ನು ಸವರುತ್ತಿದ್ದ.

ಆ ಸಂಜೆ ಎಲ್ಲವನ್ನೂ ಬಿಚ್ಚಿ ನೋಡಿದೆ. ಮರಳಬೇಕಾದ ಜಾಗವೆಂದು ವಿಮಾನದ ನೆನಪಿನಲ್ಲಿ ಉಳಿದದ್ದು ಹತ್ತಿಕುಣಿಯ ಆ ಹೊಲವೇ. ತೋರಿಸುವ ದಿನ ಮಲ್ಲಿ ಗುರುತು ಹಾಕಿದವನು ಅಳಿಸಲು ಮರೆತಿದ್ದ. ಅಂದರೆ ದಿಕ್ಕಿಗೆ ಕಾರಣ ಸಿಕ್ಕಿತು. ದಾರಿಗೆ ಸಿಗಲಿಲ್ಲ. ಬೋನಾಳದಿಂದ ಆ ಹೊಲಕ್ಕೆ ನೇರ ಗೆರೆ ಎಳೆದರೂ ಅರವತ್ತು ಕಿಲೋಮೀಟರಿಗೂ ಹೆಚ್ಚು. ನಮ್ಮ ಬ್ಯಾಟರಿ ಅದರ ಅರ್ಧವನ್ನೂ ಎಳೆಯದು. ಆ ಬ್ಯಾಟರಿಯೂ, ಎಂಟೂವರೆಗೇ ಕೆಲಸ ನಿಂತಂತೆ, ಅರ್ಧ ತುಂಬಿಯೇ ಇತ್ತು. ಕಾರ್ಡಿನ ಕೊನೆಯ ಚಿತ್ರ ನೀರೊಳಗಿನದು: ಹಸಿರು ಮಬ್ಬು, ಮೇಲೆ ಬೆಳಕು.

ಯಾರೋ ತೆಗೆದು, ಒರೆಸಿ, ಗಾಡಿಯಲ್ಲಿ ತಂದಿಟ್ಟರು ಎನ್ನುತ್ತೀರಿ. ನಾನೂ ಅದನ್ನೇ ಹಿಡಿದು ಹೊರಟೆ. ಮಧ್ಯಾಹ್ನದವರೆಗೆ ದಂಡೆಯಲ್ಲಿ ನಾವೇ ಇದ್ದೆವು. ಹತ್ತಿಕುಣಿಯ ಆ ಜಾಗ ಗೊತ್ತಿದ್ದವರು ಮಲ್ಲಿ ಮತ್ತು ಕಂಪನಿಯವರು. ಮಲ್ಲಿ ನನ್ನ ಪಕ್ಕದಲ್ಲಿದ್ದ, ಕಂಪನಿಯವರಿಗೆ ನಮ್ಮ ಹಾರಾಟದ ಸುದ್ದಿಯೇ ಇರಲಿಲ್ಲ. ಶರಣಮ್ಮ ಸುಳ್ಳು ಹೇಳಿದರೇ? ಇನ್ನೂ ಎರಡು ಸಲ ಹೋಗಿ ಕೇಳಿದೆ. ಎರಡನೇ ಸಲ, "ತಮ್ಮಾ, ಬಂದದ್ದು ಬಂದದ. ನಿನ್ನ ಕೇಳಿ ಬರಬೇಕಿತ್ತೇನು?" ಎಂದು ಮಜ್ಜಿಗೆ ಕೊಟ್ಟು ಕಳಿಸಿದರು.

ವಾರದ ಮೇಲೆ ಮಲ್ಲಿ ಮಾಳಿಗೆಗೆ ಬಂದ. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತ. "ಸೋಮವಾರ ಕಂಪನಿಯವರಿಗಿ ಇನ್ನೊಮ್ಮಿ ತೋರಿಸಬೇಕು. ಒಯ್ಯಲೇನು? ಬ್ಯಾಡ ಅಂದ್ರ ನೌಕರಿ ಆಸೆ ಬಿಡ್ತೀನಿ."

ಬೇಡ ಎನ್ನಲು ನನ್ನ ಬಳಿ ಹನ್ನೊಂದು ತಿಂಗಳ ಕಾರಣಗಳಿದ್ದವು. ಒಂದನ್ನೂ ಹೇಳದೆ ವಿಮಾನ ಎತ್ತಿ ಅವನ ಕೈಗಿತ್ತೆ. ಅವನ ಕಣ್ಣು ತುಂಬಿತು. ನಾನು ಕ್ಷಮಿಸಿದೆನೆಂದು ಅವನು ಇವತ್ತಿಗೂ ತಿಳಿದಿದ್ದಾನೆ, ನಾಲ್ಕು ಜನರೆದುರು ಹೇಳುತ್ತಾನೆ ಕೂಡ. ನಾನು ಕ್ಷಮಿಸಿಲ್ಲ. ಆ ವಾರವೆಲ್ಲ ನಾನು ಕೆಳಗೆ ಪಡಸಾಲೆಯಲ್ಲಿ ಮಲಗಿದ್ದೆ. ಆ ವಿಮಾನ ಇರುವ ಕೋಣೆಯಲ್ಲಿ ಇರುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.