ಸೇತುವೆಯಾಚೆಗೆ ಒಯ್ದ ದನಿ

ಅಮೆರಿಕದ ವುಡ್‌ರಿಡ್ಜ್‌ನಿಂದ ಕೆನಡಾ ಗಡಿ ಸಮೀಪದ ಪ್ಲಿಮತ್‌ನ ಮನೆಗೆ ಬಂದಾಗಲೆಲ್ಲ ಗುರುದ್ವಾರಕ್ಕೂ ಹೋಗುತ್ತಿದ್ದೆ, ಭಕ್ತಿಗಿಂತ ಹೆಚ್ಚಾಗಿ ಹಲ್ವಾದ ಆಸೆಗೆ. ಅಲ್ಲಿ ಆ ಹಲ್ವಾ ಪ್ರಸಾದ ಹಂಚುತ್ತಿದ್ದವರು ಬೀದರಿನ ಸರ್ದಾರ್ ಅಂಕಲ್. ಒಂದೇ ಕೈ ಚಾಚಿದರೆ, "ಎರಡೂ ಕೈ ಒಡ್ಡೋ ತಮ್ಮಾ" ಎನ್ನುವರು. ಅವರ ದನಿ, ಮಾತನ್ನು ಅವರೆದುರೇ ಅಣಕಿಸುತ್ತಿದ್ದೆ. ಗಡ್ಡವೊಂದೇ ನನಗೆ ಒಲಿದಿರಲಿಲ್ಲ.

ಅವರ ತಾಯಿ ನದಿಯಾಚೆ, ಕೆನಡಾದ ವಿಂಡ್ಸರ್‌ನಲ್ಲಿದ್ದರು. ಗ್ರೀನ್ ಕಾರ್ಡ್ ಬರುವವರೆಗೆ ಅಂಕಲ್ ಗಡಿ ದಾಟುವಂತಿರಲಿಲ್ಲ. ಒಂದು ಭಾನುವಾರ ನನಗೆ ಪ್ರಸಾದದ ಡಬ್ಬಿ ಕೊಟ್ಟು, "ಬಿಸಿ ಇದ್ದಾಗ ಅವ್ವಗ ಮುಟ್ಟಸು. ನನ್ನಂಗ ಮಾತಾಡಿ ಕೊಡು, ಆಕಿ ನಗಲಿ" ಎಂದರು.

ಮಂಜಿನಲ್ಲಿ ತುದಿ ಕಾಣದ ಗಡಿಯ ಸೇತುವೆಯ ಮೇಲೆ ಕಾರು ತೇಲಿದಂತೆ ಸಾಗಿತು. ವಿಂಡ್ಸರ್‌ನಲ್ಲಿ ಅವರ ತಾಯಿ, ಆ ಅಜ್ಜಿಯೆದುರು ಡಬ್ಬಿ ತೆರೆದು ಅಂಕಲ್ ದನಿಯಲ್ಲೇ ಹೇಳಿದೆ: "ಎರಡೂ ಕೈ ಒಡ್ಡು, ಯವ್ವಾ."

ಅಜ್ಜಿ ನಗಲಿಲ್ಲ. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದವರು ಹಲ್ವಾ ಆರುವವರೆಗೂ ಬಿಡಲಿಲ್ಲ.