ತೆಗೆದೆ ಅಂದದ್ದಕ್ಕೆ

ಬೀದಿಯ ಮಕ್ಕಳ ಬಾಯಲ್ಲಿ ಅವನು ಕೀಲಿ ಮಾಮ. ದೊಡ್ಡವರೂ ಹಾಗೇ ಕರೆದು ಕರೆದು, ಅವನ ನಿಜವಾದ ಹೆಸರು ಹೆಂಡತಿಯೊಬ್ಬಳಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಅವಳೂ ಕರೆಯುವುದು "ರೀ" ಅಂತಲೇ. ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಯ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಬ್ಬ ಕೂತರೆ ಇನ್ನೊಬ್ಬ ನಿಂತೇ ಮಾತಾಡಬೇಕು. ಹಟ ಹಿಡಿದ ಬೀಗಕ್ಕೆ ಕಿವಿ ಹಚ್ಚಿ, ತಂತಿ ಆಡಿಸುತ್ತ, "ಬಾರಮ್ಮ ಬಾ, ಸಿಟ್ಟು ಮಾಡ್ಕೋಬೇಡ" ಎಂದು ರಮಿಸುವುದು ಅವನ ರೂಢಿ. ಈ ಪ್ರೀತಿಯಲ್ಲಿ ಕಾಲುಪಾಲು ನನಗೆ ಸಿಕ್ಕಿದ್ದರೂ ಸಾಕಿತ್ತು ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಅಂಥವನು ಕಳ್ಳನಾದದ್ದು ಒಂದೇ ಒಂದು ಮಾತಿನಿಂದ. ಹಿಂದಿನ ಬೀದಿಯ ಅಜ್ಜಿಯೊಬ್ಬಳು ಒಡವೆ ಪೆಟ್ಟಿಗೆಯ ಕೀಲಿ ಕಳೆದುಕೊಂಡು ಅವನನ್ನು ಕರೆಸಿದಳು. ಅವನು ಅವಳೆದುರೇ ಬೀಗ ಬಿಡಿಸಿ, ಅವಳು ಕೊಟ್ಟ ಟೀ ಕುಡಿದು ಬಂದ. ಕೆಲವು ದಿನಕ್ಕೆ ಪೆಟ್ಟಿಗೆಯೇ ಮಾಯವಾಯಿತು. ಅಜ್ಜಿಯ ಮಗ ಅಂಗಡಿಗೆ ಬಂದು, ನಾಲ್ಕು ಜನರೆದುರು, "ನಮ್ಮಮ್ಮನ ಪೆಟ್ಟಿಗೆ ತೆಗೆದದ್ದು ನೀನೇನಾ?" ಎಂದು ಕೇಳಿದ. ಕಳವಿನ ಸುದ್ದಿಯೇ ತಿಳಿಯದ ಕೀಲಿ ಮಾಮ, ಇನ್ನೊಂದು ಗಿರಾಕಿ ಬಂತು ಎಂದುಕೊಂಡು, "ಹೌದು ಸಾರ್, ನಾನೇ ತೆಗೆದೆ" ಎಂದ. ಹೆಮ್ಮೆಯಿಂದಲೇ ಅಂದ, ಪಾಪ.

ಅಷ್ಟೇ ಸಾಕಾಯಿತು. ಪೆಟ್ಟಿಗೆ ಸಿಗಲಿಲ್ಲ, ಕಣ್ಣಾರೆ ಕಂಡವರೂ ಇರಲಿಲ್ಲ. ವಿಚಾರಣೆಯ ಹೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ಅವನ ಪರ ನಿಂತ ವಕೀಲನೋ, ಆಕಳಿಸುವುದಕ್ಕೆ ಬಾಯಿ ತೆರೆದದ್ದೇ ಹೆಚ್ಚು. ಆರೋಪಿ ತಾನೇ ಒಪ್ಪಿಕೊಂಡಿದ್ದಾನೆ ಎಂದು ಒಂದು ವರ್ಷ ಜೈಲಾಯಿತು. ಮೇಲ್ಮನವಿ ಹಾಕಿದ್ದೇನೋ ಹೌದು, ಅದರ ಸರದಿ ಬರುವಷ್ಟರಲ್ಲಿ ಶಿಕ್ಷೆಯೇ ಮುಗಿದುಹೋಯಿತು. ಕೋರ್ಟಿಗೇನು ಅವಸರ ಹೇಳಿ!

ಬಿಡುಗಡೆಯಾಗಿ ಬಂದಾಗ ಅಂಗಡಿ ಇತ್ತು, ಕೆಲಸ ಇರಲಿಲ್ಲ. ಕಳ್ಳ ಅನ್ನಿಸಿಕೊಂಡವನ ಕೈಗೆ ಮನೆಯ ಕೀಲಿ ಯಾರು ಕೊಡುತ್ತಾರೆ? ಚಪ್ಪಲಿ ಅಂಗಡಿಯವನು ಕೂಡ ತನ್ನ ಶಟರಿನ ಬೀಗ ಕೆಟ್ಟಾಗ ಬೇರೊಬ್ಬನನ್ನು ಕರೆಸಿದ. ಮೆಟ್ಟಿಲ ಕೆಳಗೆ ಕೂತು ಆ ಸದ್ದು ಕೇಳಿಸಿಕೊಂಡ ದಿನ ಕೀಲಿ ಮಾಮನಿಗೆ ಜೈಲೇ ವಾಸಿ ಅನ್ನಿಸಿತು.

"ಶಿಕ್ಷೆ ಮುಗೀತಲ್ಲ ಭಾವ, ಇನ್ನ್ಯಾಕೆ ಕೋರ್ಟು ಕಚೇರಿ? ಬೇರೆ ಕೆಲಸ ನೋಡ್ಕೊಳ್ಳಿ" ಎಂದ ಹೆಂಡತಿಯ ತಮ್ಮ.

"ಬೇರೆ ಕೆಲಸ ಬರಲ್ಲ. ಬಂದ್ರೂ ಮಾಡಲ್ಲ. ಕಳ್ಳ ಅಂದವರೇ ಅಲ್ಲ ಅನ್ನಬೇಕು" ಎಂದ. ಸೌಮ್ಯ ಮನುಷ್ಯ, ಹಟಕ್ಕೆ ಬಿದ್ದರೆ ತುಕ್ಕು ಹಿಡಿದ ಬೀಗವೇ.

ಮೇಲ್ಮನವಿಯ ಸರದಿ ಬಂದಾಗ ಹೊಸ ವಕೀಲೆ, ಮಗಳ ವಯಸ್ಸಿನವಳು, ಮಾತಾಡಲು ಮನೆಗೇ ಬಂದಳು. ಅವನು ಅಗುಳಿ ಸರಿಸಿ ಒಳಗೆ ಕರೆದ.

"ಯಾರ್ರೀ ಬಾಗಿಲು ತೆಗೆದದ್ದು?" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ನಾನೇ. ಓಪನ್ ಮಾಡಿದೆ."

ವಕೀಲೆಗೆ ನಗು ಬಂತು. "ಅದೇನ್ ಮಾಮ, ಹೆಂಡ್ತಿ ಹತ್ರನೂ ಇಂಗ್ಲಿಷಾ?"

"ಜೈಲಿಂದ ಬಂದ ಮೇಲೆ ಹೀಗೇ ಕಣಮ್ಮ" ಎಂದು ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. "ತೆಗೆದೆ ಅನ್ನೋ ಮಾತು ಬಾಯಿಗೇ ತರಲ್ಲ. ಅದಕ್ಕೇ ಅಲ್ವಾ ಒಳಗೆ ಹಾಕಿದ್ದು?"

ವಕೀಲೆಯ ನಗು ಅಲ್ಲೇ ನಿಂತಿತು. "ನೀವು ಅಂದದ್ದು ಬರೀ ತೆಗೆದೆ ಅಂತಾನಾ? ತೆಗೆದುಕೊಂಡೆ ಅನ್ನಲಿಲ್ವಾ?"

"ಏನೂ ತಗೊಳ್ಳದೆ ತಗೊಂಡೆ ಅಂತ ಯಾಕಮ್ಮ ಹೇಳ್ಲಿ?"

ಹೌದಲ್ಲ! ಅಜ್ಜಿಯ ಮಗನೂ ಸಾಕ್ಷಿ ಹೇಳುವಾಗ 'ತೆಗೆದೆ' ಅಂದ ಎಂದೇ ಹೇಳಿದ್ದ. ತೀರ್ಪಿಗೆ ಬರುವಷ್ಟರಲ್ಲಿ ಅದು 'ತೆಗೆದುಕೊಂಡೆ' ಆಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಕಳ್ಳನೆಂದು ಮೊದಲೇ ತೀರ್ಮಾನಿಸಿದ ಕಿವಿಗೆ ಹಾಗೇ ಕೇಳಿಸಿತು. ಬಾಲದಂತೆ ಅಂಟಿಕೊಂಡ ಒಂದು 'ಕೊಂಡೆ' ಒಬ್ಬ ಮನುಷ್ಯನ ಮಾನ ಕಳೆದಿತ್ತು.

ವಾದದ ದಿನ ವಿಪರೀತ ಸೆಕೆ. ಆರೋಪಿ ತೆಗೆದೆನೆಂದು ಒಪ್ಪಿದ್ದಾನೆ, ಇನ್ನೇನು ಬೇಕು ಎಂದು ಸರ್ಕಾರಿ ವಕೀಲರು ಹೇಳಿದ್ದನ್ನೇ ಹೇಳುತ್ತಿದ್ದರು. ನ್ಯಾಯಾಧೀಶರು ಬೆವರು ಒರೆಸಿಕೊಂಡು, "ಯಾರಪ್ಪ ಅಲ್ಲಿ, ಆ ಕಿಟಕಿ ತೆಗಿ" ಎಂದರು. ಜವಾನ ತೆಗೆದ.

ವಕೀಲೆ ಎದ್ದು ನಿಂತಳು. "ಸ್ವಾಮಿ, ಕಿಟಕಿ ತೆಗೆದದ್ದು ಯಾರು ಅಂತ ದಯವಿಟ್ಟು ಕೇಳಬೇಕು."

"ನಾನೇ ತೆಗೆದೆ" ಎಂದ ಜವಾನ, ಕೇಳುವ ಮುಂಚೆಯೇ.

"ತಪ್ಪೊಪ್ಪಿಗೆ ಆಯ್ತು ಸ್ವಾಮಿ. ಆದರೆ ಕಿಟಕಿ ಅಲ್ಲೇ ಇದೆ."

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರೂ ನಕ್ಕರು, ಆಮೇಲೆ ಮುಖ ಗಂಭೀರ ಮಾಡಿಕೊಂಡು ಹಳೆಯ ಸಾಕ್ಷಿಯ ಪುಟಗಳನ್ನು ತಿರುವತೊಡಗಿದರು. ಕೀಲಿ ಮಾಮ ಮಾತ್ರ ನಗಲಿಲ್ಲ. ಇಷ್ಟು ಜನರಿಗೆ ಇಷ್ಟು ಬೇಗ ಅರ್ಥವಾದ ಮಾತಿಗೆ ತಾನು ವರ್ಷವಿಡೀ ಕಂಬಿ ಎಣಿಸಿದೆನಲ್ಲ ಎಂದು ಅವನಿಗೆ ಅಳು ಒತ್ತರಿಸಿ ಬಂತು.

ತೀರ್ಪಿನ ದಿನ ಹೆಂಡತಿ ಕೋರ್ಟಿಗೆ ಬರಲಿಲ್ಲ. ಇನ್ನೊಂದು ಸಲ ಅದನ್ನೇ ಕೇಳುವ ಎದೆ ನನಗಿಲ್ಲ ಎಂದು ಮನೆಯಲ್ಲೇ ಉಳಿದಳು. ಸಂಜೆ ಅವನು ಒಬ್ಬನೇ ಬಂದು, ತನ್ನದೇ ಕೀಲಿ ಹಾಕಿ ತಿರುಗಿಸಿದ. ಬಾಗಿಲು ಕಿರ್ ಎಂದಿತು.

"ಯಾರು ಬಾಗಿಲು ತೆಗೆದದ್ದು?" ಒಳಗಿನಿಂದ ಬಂದ ದನಿ ನಡುಗುತ್ತಿತ್ತು.

ಅವನು ಹೊಸ್ತಿಲಲ್ಲೇ ನಿಂತ. ಅಕ್ಕಪಕ್ಕದ ಮನೆಗಳಿಗೂ ಕೇಳುವಂತೆ ಹೇಳಿದ:

"ನಾನೇ ಕಣೇ, ತೆಗೆದೆ!"

ಒಳಗೆ ಸೌಟು ನೆಲಕ್ಕೆ ಬಿದ್ದ ಸದ್ದಾಯಿತು. ತೀರ್ಪು ಏನಾಯಿತೆಂದು ಅವಳು ಕೇಳಲೇ ಇಲ್ಲ.