ಬಿರುಕಿನ ಮೇಲಿನ ಗಾಜು

ಕಂಬಂ ಊರಿನ ಬಸ್ಸಿಳಿದು, ತಮಿಳುನಾಡಿನ ಬೆಟ್ಟದ ಬುಡದ ನಮ್ಮ ತೇವಾರಂ ಪೇಟೆಯಲ್ಲಿ ನಡೆಯುತ್ತಿದ್ದೆ. ಹಸಿ ಸುಣ್ಣ, ಅದರ ಜೊತೆ ಗಾರೆಗೆ ಬೆರೆಸಲು ನೆನೆಹಾಕಿದ ಬೆಲ್ಲದ ಹುಳಿವಾಸನೆ. ನಮ್ಮೂರ ಹಳೇ ಲೈಬ್ರರಿಗೆ ಕೊನೆಯ ಕೈ ಗಾರೆ ಮೆತ್ತುತ್ತಿದ್ದರು. ಮನೆಗೆ ಹೋಗಬೇಕಾದವಳು ಅಲ್ಲೇ ನಿಂತೆ. ನಿಲ್ಲಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ... ಪಕ್ಕದ ಮನೆಯ ಅತ್ತೆ ನೆನಪಾದಳು.

ಅತ್ತೆ ಅಂದರೆ ಕರೆಯುವುದಕ್ಕಷ್ಟೇ, ಸಂಬಂಧವೇನೂ ಇಲ್ಲ. ಲೈಬ್ರರಿಯ ಬೀಗ ತೆಗೆದು, ಗುಡಿಸಿ, ಪೇಪರ್ ಜೋಡಿಸಿಡುವುದು ಅವಳ ಕೆಲಸ. ನಮ್ಮ ಬೀದಿಯ ಹೆಂಗಸರಿಗೆ ಮನೆಯಾಚೆ ಕೂತು ಉಸಿರಾಡಲು ಇದ್ದದ್ದು ಅದೊಂದೇ ಜಾಗ. ಪುಸ್ತಕ ಬರೀ ನೆಪ.

ಎರಡು ವರ್ಷದ ಹಿಂದೆ ಒಮ್ಮೆ ಬೆಟ್ಟದ ಕಡೆಯಿಂದ ಭೂಮಿ ಅದುರಿತು. ಮನೆಗಳಲ್ಲಿ ಪಾತ್ರೆ ಸದ್ದಾಯಿತು ಅಷ್ಟೇ, ಲೈಬ್ರರಿ ಗೋಡೆ ಮಾತ್ರ ಬಿರುಕು ಬಿಟ್ಟಿತು. ಇಂಜಿನಿಯರ್ ಬಂದು ಬಾಗಿಲು ಮುಚ್ಚಿಸಿದರು. ಬಿರುಕಿಗೆ ಅಡ್ಡವಾಗಿ ಸಣ್ಣ ಗಾಜಿನ ಪಟ್ಟಿಗಳನ್ನು ಅಂಟಿಸಿದರು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ, ಆಗ ಕೆಡವಲೇಬೇಕು. ಮಳೆಗಾಲ ದಾಟಿಯೂ ಹಾಗೇ ಇದ್ದರೆ ಉಕ್ಕಿನ ಪಟ್ಟಿ ಬಿಗಿದು ಉಳಿಸಬಹುದು ಅಂದರು. ಅತ್ತೆಗೆ ಕೂತಲ್ಲಿ ಕೂರಲಾಗದು. ಲಾರಿ ಹೋದರೂ ಸಾಕು, ಒಲೆಯ ಮೇಲಿನ ಸಾರು ಬಿಟ್ಟು ಓಡಿಹೋಗಿ ಗಾಜು ನೋಡಿ ಬರುವಳು. ಅವಳ ಚಡಪಡಿಕೆ ನನಗೂ ಹತ್ತಿತು.

ಗಾಜು ಒಡೆಯಲಿಲ್ಲ. ಮಳೆಗಾಲ ಮುಗಿದು ಇಂಜಿನಿಯರ್ ಬರುವ ಮೊದಲೇ ಸಂಕ್ರಾಂತಿಯ ಪೊಂಗಲ್ ಬಂತು. ಪೊಂಗಲ್‌ಗೆ ಸುಣ್ಣ ಕಾಣದ ಗೋಡೆ ನಮ್ಮಲ್ಲಿ ಇರಬಾರದು, ದನದ ಕೊಟ್ಟಿಗೆ ಕೂಡ. ಅತ್ತೆ ಏನು ಮಾಡಿದಳು ಗೊತ್ತೆ? ಗಾಜುಗಳನ್ನು ಜೋಪಾನವಾಗಿ ಬಿಡಿಸಿ, ಬಿರುಕಿಗೆ ಸುಣ್ಣ ತುಂಬಿ, ಗೋಡೆಯೆಲ್ಲ ಬಳಿದು, ಗಾಜು ತೊಳೆದು ಮತ್ತೆ ಅಂಟಿಸಿಬಿಟ್ಟಳು. ಇದ್ಯಾಕೆ ಮಾಡಿದೆ ಎಂದು ಕೇಳಿದೆ.

"ಊರೆಲ್ಲ ಬೆಳ್ಳಗಿರಾಗ ಇದು ಮಟ್ಟುಂ ಅಳುಕ್ಕಾಗಿ ನಿಂತಿರ್ಬೇಕಾ ಕಣ್ಣೂ?" ಅಂದಳು. ಇದೊಂದು ಮಾತ್ರ ಕೊಳಕಾಗಿ ಯಾಕಿರಬೇಕು ಅನ್ನುವುದು ಅವಳ ಲೆಕ್ಕ.

ಇಂಜಿನಿಯರ್ ಬಂದಾಗ ಅವಳೇ ಮುಂದೆ ನಿಂತು ಹೆಮ್ಮೆಯಿಂದ ಹೇಳಿದಳು. ಅವರು ತಲೆ ಮೇಲೆ ಕೈ ಹೊತ್ತರು. ಬೈಯಲಿಲ್ಲ ಪಾಪ. ಬಿರುಕೇ ಮುಚ್ಚಿದ ಮೇಲೆ ಏನನ್ನು ನೋಡಿ ನಂಬುವುದು, ಇನ್ನೊಂದು ಮಳೆಗಾಲ ಕಾಯಬೇಕು ಎಂದು ಹೊಸ ಗಾಜು ಅಂಟಿಸಿ ಹೋದರು. ಸಂಜೆ ಅತ್ತೆ ನಮ್ಮ ಜಗಲಿಯಲ್ಲಿ ಕೂತು ತನ್ನ ಕೈಗಳನ್ನೇ ನೋಡಿಕೊಂಡಳು.

"ಈ ಕೈ ಸುಮ್ನೆ ಇರಾದೇ ಇಲ್ಲ..."

ಎರಡನೇ ಮಳೆಗೂ ಗಾಜು ಒಡೆಯಲಿಲ್ಲ. ಆದರೆ ದೀಪಾವಳಿ ಹೊತ್ತಿನ ಆ ಐಪ್ಪಶಿ ತಿಂಗಳ ಮಳೆಯಲ್ಲೇ ಅತ್ತೆ ಜ್ವರ ಬಂದು ಹೋಗಿಬಿಟ್ಟಳು. ಈ ವರ್ಷದ ಪೊಂಗಲ್ ಕಳೆದು ಉಕ್ಕಿನ ಪಟ್ಟಿ ಬಿಗಿಯುವ ಕೆಲಸ ಶುರುವಾಯಿತು, ಈಗ ಆಷಾಢದ ಹೊತ್ತಿನ ಆಡಿ ತಿಂಗಳಿಗೆ ಮುಗಿಯುತ್ತಿದೆ.

ಮೇಸ್ತ್ರಿ ಒಳಗೆ ಬಂದು ನೋಡಿ ಎಂದು ಕರೆದ. ಗೋಡೆ ಇನ್ನು ಅಲುಗುವುದಿಲ್ಲವಂತೆ, ಬರುವ ವಾರ ಬಾಗಿಲು ತೆಗೆಯುತ್ತಾರಂತೆ. ನಾನು ಹೋಗಲಿಲ್ಲ. ಊರಿಗೆಲ್ಲ ಸಂತೋಷ, ನನಗೆ ಮಾತ್ರ ಅವಳ ಮೇಲೆ ಸಿಟ್ಟು. ಆ ಒಂದು ಪೊಂಗಲ್ ಗೋಡೆಯನ್ನು ಕೊಳಕಾಗಿಯೇ ಬಿಟ್ಟಿದ್ದರೆ, ಹೋದ ವರ್ಷವೇ ಈ ಬೀಗವನ್ನು ಅವಳೇ ತೆಗೆಯುತ್ತಿದ್ದಳು.